ಕೊನೆಯ ಬೈಕಿನ ಆಂಟೆನಾ

ಆರ್ಲಿಸ್ ಬ್ರೆಕ್ಕೆ ಅವತ್ತು ರೇಡಿಯೊದ ಗುಂಡಿ ಒತ್ತಲೇ ಇಲ್ಲ, ಗಾಬರಿಯಲ್ಲಿ ಬಾಯಿ ಒಣಗಿಸಿಕೊಂಡು ನಿಂತಿದ್ದಳು ಎಂದು ಇಡೀ ಕ್ಲಬ್ಬು ಚಳಿಗಾಲ ಪೂರ್ತಿ ನಂಬಿಕೊಂಡು ಸುಖವಾಗಿತ್ತು. ನಂಬುವುದಕ್ಕೆ ಅವರಿಗೇನು ಕಷ್ಟ? ಹದಿನಾಲ್ಕು ಬೈಕುಗಳ ಪೈಕಿ ಹೆಂಗಸು ಓಡಿಸುತ್ತಿದ್ದುದು ಅವಳದೊಂದೇ.

ಕ್ಲಬ್ಬೆಂದರೆ ಅರವತ್ತು ದಾಟಿದವರ ಕೂಟ. ಸೋಫಾದಂಥ ಸೀಟಿನ ದೊಡ್ಡ ದೊಡ್ಡ ಟೂರಿಂಗ್ ಬೈಕುಗಳ ಮೇಲೆ ಕೂತು, ಶನಿವಾರ ಶನಿವಾರ ಪಶ್ಚಿಮ ವಿಸ್ಕಾನ್ಸಿನ್‌ನ ಗುಡ್ಡ ಕಣಿವೆಗಳನ್ನು ಸುತ್ತಿ, ಎಲ್ಲಾದರೂ ಒಂದು ಕಡೆ ಹಣ್ಣು ತುಂಬಿದ ಪೈ ತಿಂದು ಮನೆಗೆ ಬರುವುದು ಅವರ ಸಾಹಸ. ಮುಂದೆ ನಾಯಕ ವರ್ಲಿನ್ ಹೌಗೆನ್, ಕೊನೆಯಲ್ಲಿ ಆರ್ಲಿಸ್. ನಡುವಿನವರು ತಪ್ಪಿಹೋಗದಂತೆ ಇಬ್ಬರೂ, ಪರಸ್ಪರ ಮಾತಾಡಲೆಂದು ಎಲ್ಲ ಬೈಕಿಗೂ ಹಾಕಿದ ಸಿಬಿ ರೇಡಿಯೊದಲ್ಲಿ ಮಾತಾಡುತ್ತಿರಬೇಕು. ಕೊನೆಯ ಬೈಕಿನವರಿಗೆ ಇರುವ ನಿಯಮ ಒಂದೇ: ಯಾರು ನಿಂತರೂ ಅವರ ಜತೆ ನಿಲ್ಲಬೇಕು, ನಿಂತ ಬೈಕನ್ನು ದಾಟಿ ಹೋಗಬಾರದು, ಮುಂದಿನವರಿಗೆ ಸುದ್ದಿ ಮುಟ್ಟಿಸಬೇಕು. ಮೊದಲು ಗಂಡ ಓರಿನ್‌ನ ಬೆನ್ನ ಹಿಂದೆ ಕೂತು, ಅವನು ಹೋದ ಮೇಲೆ ಮೂರು ವರ್ಷ ಅವನ ಬೈಕನ್ನು ತಾನೇ ಓಡಿಸಿಕೊಂಡು, ಒಟ್ಟು ಹದಿನೇಳು ವರ್ಷ ಆರ್ಲಿಸ್ ಆ ನಿಯಮ ಪಾಲಿಸಿದ್ದಳು. ಅವಳ ಪಾಲಿಗೆ ಉಳಿದಿದ್ದ ಮರ್ಯಾದೆಯೆಂದರೆ ಅದೇ.

ಸೆಪ್ಟೆಂಬರಿನಲ್ಲಿ ನಾರ್ಡಾಲ್ ಕಣಿವೆಯ ತಿರುವಿನಲ್ಲಿ ಗೇಲನ್ ಮೋ ಜಲ್ಲಿಯ ಮೇಲೆ ಜಾರಿದ. ಬೈಕಿಗೂ ರಸ್ತೆಬದಿಯ ಕಂಬಕ್ಕೂ ನಡುವೆ ಅವನ ಎಡಗಾಲು ಸಿಕ್ಕಿಕೊಂಡಿತು. ಮುಂದಿನ ಹನ್ನೆರಡು ಬೈಕುಗಳು ಅಷ್ಟು ಹೊತ್ತಿಗೆ ತಿರುವು ದಾಟಿದ್ದವು. ಆರ್ಲಿಸ್ ನಿಂತಳು. ಗುಂಡಿ ಒತ್ತಿ, "ಗೇಲನ್ ಬಿದ್ದಿದ್ದಾನೆ, ಎಲ್ಲರೂ ನಿಲ್ಲಿ, ಆಂಬುಲೆನ್ಸ್ ಕರೀರಿ" ಎಂದಳು. ಆ ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಓಡಿಹೋಗಿ ತನ್ನ ಬೆಲ್ಟನ್ನು ಅವನ ತೊಡೆಗೆ ಬಿಗಿದಳು. ವಾಪಸು ಬಂದು ಮತ್ತೆ ಕೂಗಿದಳು, ಮತ್ತೆ ಓಡಿದಳು, ಮೂರನೇ ಸಲ ಬಂದು ಕೂಗಿದಳು. ಮುಂದಿನವರ ಮಾತು ಅವಳಿಗೆ ಕೇಳುತ್ತಿತ್ತು. ಯಾವ ಪೈ ತಿನ್ನುವುದೆಂದು ಚರ್ಚೆ ನಡೆಸಿದ್ದರು. ಆಮೇಲೆ ಅದೂ ಗುಡ್ಡಗಳ ಹಿಂದೆ ಅಡಗಿತು. ಐವತ್ತು ನಿಮಿಷದ ಮೇಲೆ ಒಂದು ಹಾಲಿನ ಲಾರಿ ಬಂತು. ಅಲ್ಲಿಯವರೆಗೂ ಅವಳು ರಕ್ತದ ಮೇಲೆ ಕೈ ಒತ್ತಿಕೊಂಡು ಕೂತಿದ್ದಳು.

ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಅರ್ಧ ಗಂಟೆ ಮೊದಲೇ ತಂದಿದ್ದರೆ ಕಾಲು ಉಳಿಯುತ್ತಿತ್ತೇನೋ ಎಂದರಂತೆ ಡಾಕ್ಟರು. ಆ 'ಏನೋ' ಎರಡೇ ದಿನದಲ್ಲಿ ಬಾಯಿಂದ ಬಾಯಿಗೆ ಹೋಗುತ್ತ ಉದುರಿಹೋಯಿತು. ಗೇಲನ್‌ನ ಹೆಂಡತಿ ಲವಾನ್ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಹೊತ್ತಿಗೆ ಆರ್ಲಿಸ್ ಬಂದು ಕೂತರೆ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗತೊಡಗಿದಳು. ಆರ್ಲಿಸ್ ಒಯ್ದ ಅಡುಗೆ ಪಾತ್ರೆ ಮುಟ್ಟದೆ ಹಾಗೇ ವಾಪಸು ಬಂತು.

"ನಾನು ಮೂರು ಸಲ ಕೂಗಿದೆ," ಎಂದಳು ಆರ್ಲಿಸ್ ಅಕ್ಟೋಬರಿನ ಸಭೆಯಲ್ಲಿ.

"ಕೂಗಿದ್ರೆ ಕೇಳಿಸ್ಬೇಕಿತ್ತಲ್ಲ ಮಾರಾಯ್ತಿ," ಎಂದ ವರ್ಲಿನ್, ದನಿಯಲ್ಲಿ ಜೇನು ಸುರಿಸುತ್ತ. "ನಿನ್ನ ಆಂಟೆನಾ ನಾನೇ ಹಾಕಿದ್ದು. ಆದ್ರೂ ನನ್ನ ಮನಸ್ಸಿನ ಸಮಾಧಾನಕ್ಕೆ ಮೊನ್ನೆ, ನೀನು ತಂಗಿ ಊರಿಗೆ ಹೋದಾಗ, ನಿನ್ನ ಶೆಡ್ಡಿಗೆ ಹೋಗಿ ಮೀಟರ್ ಇಟ್ಟು ನೋಡ್ದೆ. ಒಂದು ಪಾಯಿಂಟ್ ಮೂರು. ಹೊಸದು ತಂದ್ರೂ ಅಷ್ಟು ಚೆನ್ನಾಗಿರಲ್ಲ. ಯಾರೂ ನಿನ್ನ ಬೈತಿಲ್ಲ. ಅಂಥ ಹೊತ್ತಲ್ಲಿ ಎಂಥವ್ರಿಗೂ ಕೈಕಾಲು ಆಡಲ್ಲ."

ಅಲ್ಲಿಗೆ ಅವಳ ತಲೆಯ ಮೇಲೆ ಗೂಬೆ ಕೂರಿಸಿ ಆಯಿತು. ಕೊನೆಯ ಬೈಕಿನ ಜಾಗ ವರ್ಲಿನ್‌ನ ಅಳಿಯ ಟಾಡ್‌ಗೆ ಹೋಯಿತು. ಆರ್ಲಿಸ್ ಬೈಕಿಗೆ ಹೊದಿಕೆ ಎಳೆದು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಹೊರಗಿನವರು ಬೈದರೆ ತಡೆದುಕೊಳ್ಳಬಹುದು. ಆದರೆ ಅಕ್ಟೋಬರ್ ಕಳೆಯುವ ಮೊದಲೇ ಅವಳೇ ತನ್ನನ್ನು ನಂಬದಾದಳು. ಅಡುಗೆಮನೆಯಲ್ಲಿ ನಿಂತು ಎಡಗೈ ಹೆಬ್ಬೆರಳನ್ನು ನೋಡಿಕೊಳ್ಳುವಳು. ಈ ಬೆರಳು ಒತ್ತಿತ್ತೇ? ಅಥವಾ ಬರೀ ಬಾಯಿ ಕೂಗಿತ್ತೇ? ಒಬ್ಬ ಮನುಷ್ಯನ ಕಾಲು ತನ್ನ ಹೆಬ್ಬೆರಳಿನಿಂದ ಹೋಯಿತೇ? ಇಂಥ ಪ್ರಶ್ನೆ ಹೊತ್ತುಕೊಂಡು ಹೆಂಗಸು ಐದು ತಿಂಗಳು ಒಂಟಿಯಾಗಿ ಬದುಕಿದಳು. ವರ್ಲಿನ್ ಆ ಐದು ತಿಂಗಳೂ ಹೊಟ್ಟೆ ತುಂಬ ಉಂಡು ಮಲಗಿದ.

ಮಾರ್ಚಿನಲ್ಲಿ ಹಿಮ ಕರಗಿದ ಮೇಲೆ, ಬೈಕನ್ನು ಮಾರಿಬಿಡೋಣವೆಂದು ಅವಳು ಹೊದಿಕೆ ತೆಗೆದಳು. ಮಾರುವ ಮುಂಚೆ ಒಮ್ಮೆ ತನ್ನ ಕೈಯಾರೆ ಅಳೆದು ನೋಡಬೇಕೆನಿಸಿತು. ಓರಿನ್‌ನ ಮೀಟರು ಹಳೇ ಕಾಫಿ ಡಬ್ಬಿಯಲ್ಲಿ ಹಾಗೇ ಇತ್ತು. ಬದುಕಿದ್ದಾಗ ಕ್ಲಬ್ಬಿನ ಎಲ್ಲರ ಆಂಟೆನಾ ಹೊಂದಿಸಿಕೊಡುತ್ತಿದ್ದವನು ಅವನೇ. ಪಕ್ಕದಲ್ಲಿ ನಿಂತು ಅಂಕಿ ಬರೆದುಕೊಳ್ಳುತ್ತಿದ್ದ ಆರ್ಲಿಸ್‌ಗೆ ಅವನ ಕ್ರಮವೆಲ್ಲ ಬಾಯಿಪಾಠ. ತಗಡಿನ ಚಾವಣಿಯ ಕೆಳಗೆ ಅಳೆಯಬಾರದು, ಬಯಲಿಗೆ ತರಬೇಕು. ಡಿಕ್ಕಿ ಮುಚ್ಚಿರಬೇಕು. ಓಡಿಸುವವರು ಸೀಟಿನ ಮೇಲೆ ಕೂತೇ ಇರಬೇಕು, ಏಕೆಂದರೆ ಮನುಷ್ಯನ ಮೈಯೂ ಲೆಕ್ಕಕ್ಕೆ ಬರುತ್ತದೆ. ಆಂಟೆನಾದ ಕಡ್ಡಿ ಉದ್ದವಾದರೆ ಕೂದಲೆಳೆಯಷ್ಟು ತಗ್ಗಿಸಬೇಕು, ಅವಸರಪಟ್ಟು ಕತ್ತರಿಸಿದರೆ ಮತ್ತೆ ಅಂಟಿಸಲು ಬರುವುದಿಲ್ಲ. ಮುಳ್ಳು ಒಂದೂವರೆಯ ಒಳಗಿದ್ದರೆ ಮಾತು ದೂರ ಹೋಗುತ್ತದೆ, ಮೂರರ ಕೆಂಪು ಮುಟ್ಟಿದರೆ ಎಲ್ಲ ನಿನ್ನ ಕೊರಳಿಗೇ ವಾಪಸು ಎನ್ನುತ್ತಿದ್ದ ಓರಿನ್.

ಅವಳು ಬೈಕನ್ನು ಅಂಗಳದ ನಡುವೆ ನಿಲ್ಲಿಸಿ, ಮೀಟರು ಸಿಕ್ಕಿಸಿ, ಸೀಟಿನ ಮೇಲೆ ಕೂತು ಗುಂಡಿ ಒತ್ತಿದಳು. ಮುಳ್ಳು ಒಂದು ಪಾಯಿಂಟ್ ಮೂರಕ್ಕೆ ಬಂದು ನಿಂತಿತು.

ಹಾಗಾದರೆ ವರ್ಲಿನ್ ಹೇಳಿದ್ದು ನಿಜ. ತಪ್ಪು ತನ್ನದೇ. ಎಷ್ಟೋ ಹೊತ್ತು ಹಾಗೇ ಕೂತಿದ್ದು, ಕಾಲು ಜೋಮು ಹಿಡಿದ ಮೇಲೆ ಇಳಿದು ಬೈಕಿನ ಹಿಂದಕ್ಕೆ ಹೋದಳು. ಆಗ ಕಂಡಿತು ಕೆಂಪು ಉಲ್ಲನ್.

ಈ ಬೈಕಿನ ಹಿಂಭಾಗದಲ್ಲಿ ಬಾಲದ ಹಾಗೆ ಎರಡು ಆಂಟೆನಾ ಕಡ್ಡಿ. ಎಡಗಡೆಯದು ಸಿಬಿಗೆ, ಮಾತಿನದು; ಬಲಗಡೆಯದು ಹಾಡು ಕೇಳುವ ರೇಡಿಯೊಗೆ, ಹಾಡಿನದು. ಹಾಗೆಂದು ಹೆಸರಿಟ್ಟವನೂ ಓರಿನ್ನೇ. ನೋಡಲು ಎರಡೂ ಒಂದೇ, ಬುಡದ ತಿರುಪೂ ಒಂದೇ. ಆದರೆ ಮಾತಿನ ಕಡ್ಡಿಯ ಹೊಟ್ಟೆಯಲ್ಲಿ ತಂತಿಯ ಸುರುಳಿ ಇದೆ, ಹಾಡಿನದರಲ್ಲಿ ಇಲ್ಲ. ಹಳೆಯವು ಬಿರುಕು ಬಿಟ್ಟಿದ್ದರಿಂದ ಹೋದ ವರ್ಷ ಮೇ ತಿಂಗಳಲ್ಲಿ ವರ್ಲಿನ್ ಹೊಸ ಜೋಡಿ ಹಾಕಿಕೊಟ್ಟಿದ್ದ. "ಮೀಟರ್ ಇಟ್ಟು ನೋಡಿದ್ಯಾ?" ಎಂದು ಅವಳು ಕೇಳಿದ್ದಕ್ಕೆ, "ನಂಗೇ ಪಾಠ ಹೇಳ್ತೀಯಲ್ಲ," ಎಂದು ನಕ್ಕಿದ್ದ. ಅದೇ ಸಂಜೆ ಅವಳು, ಪಾರ್ಕಿಂಗ್ ಜಾಗದಲ್ಲಿ ತನ್ನ ಬೈಕು ಬೇಗ ಗುರುತು ಸಿಗಲೆಂದು, ಎಡಗಡೆಯ ಕಡ್ಡಿಗೆ ಕೆಂಪು ಉಲ್ಲನ್ ಪಟ್ಟಿ ಹೆಣೆದು ಸೂಜಿಯಿಂದ ಹೊಲಿದುಬಿಟ್ಟಿದ್ದಳು. ಈಗ ಆ ಪಟ್ಟಿ ಬಲಗಡೆಯ ಕಡ್ಡಿಯ ಮೇಲಿತ್ತು.

ಅವಳು ಸ್ಪ್ಯಾನರ್ ತಂದಳು. ಎರಡೂ ಕಡ್ಡಿಗಳನ್ನು ಬಿಚ್ಚಿ, ಕೆಂಪು ಪಟ್ಟಿಯದನ್ನು ತಾನು ಹೊಲಿದಾಗ ಇದ್ದ ಎಡಗಡೆಗೇ ಹಾಕಿ, ಸೀಟಿನ ಮೇಲೆ ಕೂತು ಮತ್ತೆ ಗುಂಡಿ ಒತ್ತಿದಳು. ಮುಳ್ಳು ಸೀದಾ ಕೆಂಪಿಗೆ ಹೋಗಿ ಅಂಚಿಗೆ ಬಡಿಯಿತು.

ಅಂದರೆ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಅವಳ ಮಾತಿಗೆ ಹಾಡಿನ ಕಡ್ಡಿ. ಅದರಲ್ಲಿ ಬೇರೆಯವರ ಮಾತು ಕೇಳಿಸುತ್ತದೆ, ತನ್ನ ಮಾತು ದೂರ ಹೋಗುವುದಿಲ್ಲ. ಹೊರಡುವ ಮುಂಚೆ ವರ್ಲಿನ್ "ಕೊನೆಯವರಿಗೆ ಕೇಳ್ತಿದೆಯಾ?" ಎಂದು ಕೇಳುವುದು, ಅವಳು "ಕೇಳ್ತಿದೆ" ಎನ್ನುವುದು, ಎಲ್ಲ ನಡೆಯುತ್ತಿದ್ದುದು ಪಾರ್ಕಿಂಗ್ ಜಾಗದಲ್ಲಿ, ಹತ್ತು ಮಾರು ದೂರದಲ್ಲಿ. ಅಷ್ಟು ಹತ್ತಿರಕ್ಕೆ ಕೊಡೆಯ ಕಡ್ಡಿ ಸಿಕ್ಕಿಸಿದರೂ ಮಾತು ಮುಟ್ಟುತ್ತದೆ. ದಾರಿಯಲ್ಲೂ ಅವಳು ಅವರ ಬೆನ್ನಿಗೇ ಇರುತ್ತಿದ್ದಳು. ಹಿಂದೆ ಉಳಿದದ್ದು ಆ ಒಂದು ದಿನ. ಇದನ್ನು ಅಕ್ಟೋಬರಿನಲ್ಲಿ ಕಂಡುಕೊಂಡ ವರ್ಲಿನ್ ಸದ್ದಿಲ್ಲದೆ ಕಡ್ಡಿಗಳನ್ನು ಅದಲುಬದಲು ಮಾಡಿ, ಆಮೇಲೆ ಅಳೆದು, ಸಭೆಗೆ ಬಂದು ಅಂಕಿ ಹೇಳಿದ್ದ.

ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಅದರ ಜತೆಗೇ ಎಂಥದೋ ಹಗುರ. ನನ್ನ ಹೆಬ್ಬೆರಳು ಒತ್ತಿತ್ತು ಎಂದು ಖಾಲಿ ಅಂಗಳಕ್ಕೆ ಹೇಳಿಕೊಂಡಳು. ಮಾತಿನ ಕಡ್ಡಿಯನ್ನು ಮತ್ತೆ ಎಡಕ್ಕೆ ಹಾಕಿ, ಕೂದಲೆಳೆ ಕೂದಲೆಳೆ ತಗ್ಗಿಸಿ, ಒಂದು ಪಾಯಿಂಟ್ ಒಂದಕ್ಕೆ ತಂದು ನಿಲ್ಲಿಸಿದಳು. ಓರಿನ್ ಕೂಡ ಅಷ್ಟು ಚೆನ್ನಾಗಿ ಹೊಂದಿಸಿದ್ದು ಎರಡೋ ಮೂರೋ ಸಲ.

ಮೇ ತಿಂಗಳ ಮೊದಲ ಶನಿವಾರ ಕ್ಲಬ್ಬಿನ ಆಂಟೆನಾ ದಿನ. ವರ್ಲಿನ್‌ನ ಟ್ರ್ಯಾಕ್ಟರ್ ಅಂಗಡಿಯ ಅಂಗಳದಲ್ಲಿ ಬೈಕುಗಳು ಸಾಲುಗಟ್ಟುತ್ತವೆ, ಅವನು ಒಂದೊಂದನ್ನೇ ಅಳೆಯುತ್ತಾನೆ, ಉಳಿದವರು ಕಾಫಿ ಕುಡಿಯುತ್ತಾರೆ, ಆಮೇಲೆ ವರ್ಷದ ಮೊದಲ ಸುತ್ತಾಟ. ಗೇಲನ್ ತನ್ನ ಪಿಕಪ್ ಗಾಡಿಯಲ್ಲಿ ಬಂದಿದ್ದ. ಪಕ್ಕದಲ್ಲಿ ಲವಾನ್. ಇನ್ನು ಮೇಲೆ ಅವನು ಎಲ್ಲರ ಹಿಂದೆ ಗಾಡಿಯಲ್ಲೇ ಬರುವುದೆಂದು, ಅದಕ್ಕೂ ಒಂದು ಸಿಬಿ ಹಾಕಿಕೊಟ್ಟಿದ್ದಾನೆ ವರ್ಲಿನ್. ಅವನ ಮನೆಗೆ ಗಾಲಿಕುರ್ಚಿಯ ಇಳಿಜಾರು ಕಟ್ಟಿಕೊಟ್ಟವನೂ ಅವನೇ. ಒಳ್ಳೆಯವನೆಂದು ಊರೆಲ್ಲ ಹೊಗಳುತ್ತಿತ್ತು.

ಆರ್ಲಿಸ್ ವರ್ಲಿನ್‌ನನ್ನು ಅಂಗಡಿಯ ಹಿಂದಕ್ಕೆ ಕರೆದು ಕೆಂಪು ಉಲ್ಲನ್ನಿನ ಕಥೆ ಹೇಳಿದಳು. ಅವನು ವಾದಿಸಲಿಲ್ಲ. ಟೋಪಿ ತೆಗೆದು ಅದರೊಳಗೆ ನೋಡಿದ.

"ಮೇನಲ್ಲಿ ಮೀಟರ್ ಇಡ್ಲಿಲ್ಲ. ಒಪ್ಕೋತೀನಿ. ಮಳೆ ಬರೋ ಹಾಗಿತ್ತು, ಒಂಬತ್ತು ಬೈಕು ಬಾಕಿ ಇದ್ವು," ಎಂದ.

"ಅಕ್ಟೋಬರಲ್ಲೂ ಮಳೆ ಬರೋ ಹಾಗಿತ್ತಾ?"

"ಆರ್ಲಿಸ್, ಇಪ್ಪತ್ತೆರಡು ವರ್ಷದಿಂದ ಇವ್ರೆಲ್ಲ ನನ್ನ ಹಿಂದೆ ಬರ್ತಿದಾರೆ. ಇದನ್ನ ಹೇಳಿದ್ರೆ ಒಬ್ಬನೂ ಬರಲ್ಲ. ಕ್ಲಬ್ಬೇ ಇರಲ್ಲ."

"ನಾನು ಇರ್ತೀನೋ ಇಲ್ವೋ ಅಂತ ಯೋಚನೆ ಬರ್ಲಿಲ್ಲ ನಿಂಗೆ."

"ಮುಂದಿನ ವರ್ಷ ಕೊನೇ ಜಾಗ ನಿಂಗೇ ಕೊಡಿಸ್ತೀನಿ. ಟಾಡ್‌ಗೆ ನಾನು ಹೇಳ್ತೀನಿ."

"ಜಾಗ ಬೇಡ ಕಣಯ್ಯ. ಅವ್ರ ಮುಂದೆ ಬಾಯಿ ಬಿಟ್ಟು ಹೇಳು. ಇವತ್ತೇ."

"ಹೇಳ್ತೀನಿ. ಪೈ ತಿನ್ನೋವಾಗ ಹೇಳ್ತೀನಿ. ಈಗ ಹೊರಡೋಣ, ತಡ ಆಗ್ತಿದೆ."

ಅವನು ಹೇಳುವುದಿಲ್ಲವೆಂದು ಅವಳಿಗೆ ಅವನು ಟೋಪಿ ಹಾಕಿಕೊಂಡ ರೀತಿಯಲ್ಲೇ ತಿಳಿಯಿತು.

ಅವಳನ್ನು ನಡುವೆ ಹಾಕಿದ್ದರು, ಹೊಸಬರನ್ನು ಹಾಕುವ ಜಾಗದಲ್ಲಿ. ಬೈಕುಗಳು ಗುಡ್ಡದ ನೆತ್ತಿಯ ರಸ್ತೆ ಹಿಡಿದವು. ಸೇಬಿನ ಮರ ಹೂ ಬಿಟ್ಟಿದ್ದವು, ಗಾಳಿ ಹಿತವಾಗಿತ್ತು, ಯಾರೋ ಹವಾಮಾನ ಹೊಗಳಿದರು. ನಾರ್ಡಾಲ್ ಕಣಿವೆಗೆ ಇನ್ನೆರಡು ಮೈಲಿ ಇರುವಾಗ ಆರ್ಲಿಸ್ ಗುಂಡಿ ಒತ್ತಿದಳು.

"ನಾನು ಆರ್ಲಿಸ್. ಎಲ್ಲರೂ ಕೇಳಿಸ್ಕೊಳ್ಳಿ. ಗೇಲನ್, ನೀನೂ ಕೇಳಿಸ್ಕೋ. ಅವತ್ತು ನಾನು ಮೂರು ಸಲ ಕೂಗಿದ್ದು ನಿಜ. ನನ್ನ ಆಂಟೆನಾನ ವರ್ಲಿನ್ ಅದಲುಬದಲು ಹಾಕಿದ್ದ, ಮೀಟರ್ ಇಟ್ಟಿರ್ಲಿಲ್ಲ. ಅಕ್ಟೋಬರಲ್ಲಿ ಬಂದು ಕದ್ದು ಸರಿ ಮಾಡಿ, ಆಮೇಲಿನ ಅಂಕಿನೇ ನಿಮ್ಮ ಹತ್ರ ಹೇಳ್ದ. ಬೆಳಿಗ್ಗೆ ನನ್ನ ಮುಂದೆ ಒಪ್ಕೊಂಡಿದಾನೆ. ಅಷ್ಟೇ ನಾನು ಹೇಳೋದು."

ಬೆರಳು ತೆಗೆದಳು. ಮುಂದಿನ ಬೈಕಿನವನು ಕನ್ನಡಿಯಲ್ಲಿ ಅವಳನ್ನು ನೋಡಿ ಕಣ್ಣು ತೆಗೆದ. ಕೇಳಿಸಿತ್ತು, ಎಲ್ಲರಿಗೂ ಕೇಳಿಸಿತ್ತು.

ಆಮೇಲೆ ಗೇಲನ್‌ನ ದನಿ ಬಂತು, ಎಲ್ಲರ ಹಿಂದಿನ ಪಿಕಪ್ಪಿನಿಂದ. "ನಂಗೊತ್ತು ಆರ್ಲಿಸ್. ಕ್ರಿಸ್‌ಮಸ್ ಹೊತ್ತಿಗೆ ವರ್ಲಿನ್ ಮನೆಗೆ ಬಂದು ಹೇಳ್ದ. ಅತ್ತ. ನಾವಿಬ್ರೂ ಅದನ್ನ ಅಲ್ಲೇ ಮುಗಿಸ್ಕೊಂಡ್ವಿ. ನೀನ್ಯಾಕೆ ಈಗ ಅದನ್ನ ಕೆದಕ್ತೀಯಾ?"

ಕ್ರಿಸ್‌ಮಸ್. ಅವಳು ಅಡುಗೆಮನೆಯಲ್ಲಿ ಹೆಬ್ಬೆರಳು ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ, ಈ ಇಬ್ಬರು ಗಂಡಸರು ಒಂದು ಮೇಜಿಗೆ ಕೂತು ಅತ್ತು, ಕ್ಷಮಿಸಿ, ಕೈ ಕುಲುಕಿದ್ದರು. ಅವಳ ಮೇಲಿನ ಗೂಬೆಯನ್ನು ಇಳಿಸಬೇಕೆಂದು ಮಾತ್ರ ಒಬ್ಬನಿಗೂ ಹೊಳೆದಿರಲಿಲ್ಲ. ಅವಳ ಬೆಲ್ಟು ಕಟ್ಟಿಸಿಕೊಂಡು ಜೀವ ಉಳಿಸಿಕೊಂಡವನಿಗೂ ಹೊಳೆದಿರಲಿಲ್ಲ.

"ಮುಂದೆ ಎಡ ತಿರುವು," ಎಂದ ವರ್ಲಿನ್. "ಜಲ್ಲಿ ಇದೆ, ನಿಧಾನ."

"ಕೇಳಿಸ್ತು," ಎಂದ ಕೊನೆಯಿಂದ ಟಾಡ್.

ತಿರುವಿನಲ್ಲಿ, ಗೇಲನ್ ಬಿದ್ದಿದ್ದ ಕಂಬದ ಪಕ್ಕ, ಆರ್ಲಿಸ್ ಬೈಕನ್ನು ಬದಿಗೆ ತಂದು ನಿಲ್ಲಿಸಿ ಕಾಲು ಕೆಳಗಿಟ್ಟಳು. ಇನ್ನು ಇವರ ಜತೆ ಓಡಿಸಲಾರೆ ಎನಿಸಿತು. ಹಿಂದಿನ ಬೈಕುಗಳು ಒಂದೊಂದಾಗಿ ಸುತ್ತುಹಾಕಿ ಹೋದವು. ಕೊನೆಗೆ ಟಾಡ್ ಬಂದ. ವೇಗ ತಗ್ಗಿಸಿದ, ಅವಳನ್ನು ನೋಡಿದ, ಮುಂದೆ ಮಾವನ ಬೈಕು ಹೋದ ದಿಕ್ಕು ನೋಡಿದ. ನಿಂತ ಬೈಕನ್ನು ದಾಟಿ ಹೋದ. ಪಿಕಪ್ಪೂ ಹೋಯಿತು. ಲವಾನ್ ಆಚೆ ಕಿಟಕಿಯ ಕಡೆ ಮುಖ ಮಾಡಿದ್ದಳು.

ಧೂಳು ಇಳಿದ ಮೇಲೂ ಅವಳ ಕಿವಿಯಲ್ಲಿ ರೇಡಿಯೊ ನಡೆದೇ ಇತ್ತು. ಗುಡ್ಡದಾಚೆಯಿಂದ ವರ್ಲಿನ್ ಕೇಳಿದ, "ಟಾಡ್, ಹಿಂದೆ ಎಲ್ಲ ಸರಿ ಇದೆಯಾ?"

ಟಾಡ್ ಹೇಳಿದ, "ಸರಿ ಇದೆ. ಎಲ್ಲರೂ ಇದೀವಿ. ಹಿಂದೆ ಯಾರೂ ಉಳಿದಿಲ್ಲ."

ಆಂಟೆನಾ ಅಷ್ಟು ಚೆನ್ನಾಗಿ ಹೊಂದಿತ್ತು. ಎರಡು ಮೈಲಿ ದೂರದ ಆ ಮಾತಿನ ಒಂದಕ್ಷರವೂ ಅವಳಿಗೆ ತಪ್ಪಲಿಲ್ಲ.