ಓರೆ ಸಹಿಸದ ಪ್ರೇಮಕುಮಾರಿ ಮಿಸ್

ಪ್ರೇಮಕುಮಾರಿ ಮಿಸ್ ಯಾರ ಮನೆಗೆ ಹೋದರೂ ಕುಶಲ ವಿಚಾರಿಸುವ ಮೊದಲು ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡುತ್ತಾರೆ. ಒಮ್ಮೆ ಹಾಸನದ ಬಸ್ ನಿಲ್ದಾಣದಲ್ಲಿ ಅಪರಿಚಿತ ಕಂಡಕ್ಟರನ ಎದೆಯ ಮೇಲೆ ವಾಲಿದ್ದ ಹೆಸರಿನ ಬಿಲ್ಲೆಯನ್ನು ಸರಿಪಡಿಸಿ, ಆಮೇಲೆ ಹೊಳೆನರಸೀಪುರಕ್ಕೆ ಒಂದು ಟಿಕೆಟ್ ಕೇಳಿದರು. ಆತ ಗಾಬರಿಯಲ್ಲಿ ಎರಡು ಹರಿದುಕೊಟ್ಟ.

ಕಾನ್ವೆಂಟಿನಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಈ ಕೃಶಾಂಗಿಯ ನಡಿಗೆಯಲ್ಲೂ ಸ್ಕೇಲಿಟ್ಟು ಎಳೆದಂಥ ಋಜುತ್ವ. ಎದುರಿಗೆ ಎಮ್ಮೆ ಬಂದರೆ ಪಕ್ಕಕ್ಕೆ ಸರಿಯಬೇಕಾದದ್ದು ಎಮ್ಮೆಯೇ. ಬೇಸಗೆಯಲ್ಲೂ ಬಿಡದ ಬೂದು ಸ್ವೆಟರು, ಅದರ ಜೇಬಿನಲ್ಲೊಂದು ಪೆನ್ಸಿಲು, ಒಂದು ರಬ್ಬರು. ನನ್ನ ಬಾಲ್ಯದ ಮಾವಿನಹಣ್ಣು, ಗುಡಿಸಲು, ಸೂರ್ಯೋದಯಗಳು ಅವರ ಕೈಯಲ್ಲಿ ಕಂಡಷ್ಟು ತಿದ್ದುಪಡಿಗಳನ್ನು ನಮ್ಮ ಸಂವಿಧಾನವೂ ಕಂಡಿರಲಾರದು. ಬಣ್ಣದ ಪಾಠ ಹೇಳುತ್ತಿದ್ದರೇ ಹೊರತು ಬಣ್ಣದ ಮಾತು ಅವರಿಗೆ ಬಾರದು. "ಚೆನ್ನಾಗಿದೆ, ಆದ್ರೆ…" ಎಂದು ಆರಂಭಿಸುತ್ತಿದ್ದರು. ಆ 'ಆದ್ರೆ'ಯನ್ನು ದಾಟಿ ಬದುಕುಳಿದ ಹೊಗಳಿಕೆಯನ್ನು ನಾನು ಕಂಡವನಲ್ಲ.

ಹಾಸನದ ಕೈಗಾರಿಕಾ ಪ್ರದೇಶದ ಬದಿಯಲ್ಲಿ, ಅವರ ಮನೆಯ ಹಿಂದೆಯೇ, ಧರ್ಮೇಂದ್ರ ಎಂಬುವರ ವಠಾರವಿದೆ. ಸಾಲಾಗಿ ಇಪ್ಪತ್ತೆರಡು ಕೋಣೆಗಳು. ಅವುಗಳ ತುಂಬ ಒಡಿಶಾದಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು. ಅವರಾಡುವುದು ಒಡಿಯಾ, ಊರು ಮಾತ್ರ ಆ ವಠಾರವನ್ನು "ಹಿಂದಿಯೋರ ಲೈನು" ಎಂದು ಕರೆದು ಕೈತೊಳೆದುಕೊಂಡಿತ್ತು. ಕಳೆದ ಮಾರ್ಗಶಿರದ ಮೊದಲ ಗುರುವಾರ ಮಿಸ್ ಹಾಲಿಗೆಂದು ಅತ್ತ ಹೋದಾಗ, ಮಿನತಿ ಎಂಬಾಕೆ ಲಕ್ಷ್ಮೀಪೂಜೆಗಾಗಿ ಬಾಗಿಲ ಪಕ್ಕದ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಭತ್ತದ ತೆನೆ ಬರೆಯುತ್ತಿದ್ದಳು. ಮಿಸ್ ಹಾಲು ಮರೆತು ಮನೆಗೆ ಬಂದು ನನಗೆ ಫೋನು ಮಾಡಿದರು.

"ಪೆನ್ಸಿಲ್ಲಿಲ್ಲ, ಚುಕ್ಕಿ ಇಟ್ಕೊಂಡಿಲ್ಲ, ಏನೂ ಇಲ್ಲ ಕಣೋ! ಬೆರಳದ್ದಿ ಒತ್ತತಾ ಓಯ್ತಾಳೆ, ತೆನೆ ಎದ್ ನಿಲ್ತದೆ!"

ಮಿಸ್ ಬಾಯಲ್ಲಿ ಹಕಾರ ಜಾರಿತೆಂದರೆ ಉದ್ವೇಗ ಮೇರೆ ಮೀರಿದೆಯೆಂದೇ ಅರ್ಥ. ವಠಾರದ ರಸ್ತೆಗೋಡೆಯ ಉದ್ದಕ್ಕೂ ಈ ಹೆಣ್ಣುಮಕ್ಕಳ ಕೈಯಿಂದಲೇ ಚಿತ್ರ ಬರೆಸಬೇಕು, ಇವರು ಯಾರೆಂದು ಊರು ನಿಂತು ನೋಡಬೇಕು ಎಂದು ಅಂದೇ ನಿಶ್ಚಯಿಸಿದರು. ಗೋಡೆ ಕೇಳಲು ಹೋದಾಗ ಧರ್ಮೇಂದ್ರ ತಲೆ ಕೆರೆದುಕೊಂಡರು.

"ಸಂಕ್ರಾಂತಿಗಂಟ ನಿಮ್ದು ಮಿಸ್. ಅಷ್ಟ್ರಲ್ಲಿ ಮುಗೀನಿಲ್ಲ ಅಂದ್ರೆ ಸಿಮೆಂಟ್ ಕಂಪ್ನಿಯೋರ್ಗೆ ಜಾಹೀರಾತು ಬರ್ಯಕ್ಕೆ ಬಿಟ್ಕೊಟ್ಬುಡ್ತೀನಿ. ಅರ್ಧಂಬರ್ಧ ಗ್ವಾಡೆ ನೋಡಕ್ಕಾಗಕಿಲ್ಲ."

ಮಿಸ್ ಒಂದು ವಾರ ದುಡಿದರು. ಮಿನತಿಯ ತೆನೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಎಡಬಲ ಸಮವಾಗುವಂತೆ ತಿದ್ದಿ, ಗೋಡೆಗೆಲ್ಲ ಚೌಕ ಹೊಡೆದು, ಪ್ರತಿ ತೆನೆ, ಪ್ರತಿ ಕಾಳಿಗೂ ಗೆರೆ ಬರೆದು, ಯಾವುದಕ್ಕೆ ಯಾವ ಬಣ್ಣವೆಂದು ಅಂಕಿ ಸಹ ಹಾಕಿದರು. ಮೊದಲ ಭಾನುವಾರ ಹದಿನಾಲ್ಕು ಜನ ಬಂದು, ಒಂದು ಗಂಟೆ ತುಟಿ ಬಿಚ್ಚದೆ ಬಣ್ಣ ತುಂಬಿ, ಕುಂಚ ತೊಳೆದಿಟ್ಟು ಹೋದರು. ಎರಡನೆಯ ಭಾನುವಾರ ಯಾರೂ ಬರಲಿಲ್ಲ. ಮೂರನೆಯ ಭಾನುವಾರ ಬಂದವನು ನಾನೊಬ್ಬ. ನನ್ನ ಕೈಗೆ ಕುಂಚ ಕೊಡುವಷ್ಟು ಹತಾಶೆ ಮಿಸ್‌ಗಿನ್ನೂ ಬಂದಿರಲಿಲ್ಲ. ಸಂಕ್ರಾಂತಿಗೆ ಮೂರೇ ವಾರವಿತ್ತು.

"ನಾವೇ ತುಂಬಿ ಮುಗಿಸಿಬಿಡಬಹುದಲ್ಲ ಮಿಸ್?" ಎಂದೆ.

"ನಾವು ತುಂಬಿದ್ರೆ ಅದು ನಮ್ ಗೋಡೆ ಕಣೋ. ಅವ್ರದ್ದಾಗುತ್ತಾ?"

ಇಬ್ಬರೂ ಮಿನತಿಯ ಬಾಗಿಲಿಗೆ ಹೋದೆವು. ಚನ್ನರಾಯಪಟ್ಟಣದ ಸಹೋದ್ಯೋಗಿಗಳಿಂದ ಕಲಿತ ಕನ್ನಡ ಅವಳದು. ಕುರ್ಚಿ ಒರೆಸಿ ಕೊಟ್ಟು, ಚಹಾ ಕೊಟ್ಟು, ಸೆರಗಿನ ತುದಿ ತಿರುಚುತ್ತ ಹೇಳಿದಳು:

"ಕೋಪ ಮಾಡ್ಕೋಬ್ಯಾಡಿ ಕಣಕ್ಕ. ಫ್ಯಾಕ್ಟರೀಲಿ ಆರು ದಿನ ಗೆರೆ ಮೇಲೆ ಹೊಲಿಗೆ. ಗೆರೆ ತಪ್ಪಿದ್ರೆ ಸೂಪರ್‌ವೈಸರ್ ಬಿಚ್ಚು ಅಂತಾನೆ. ಭಾನುವಾರನೂ ಗೆರೆ ಮೇಲೇನಾ?"

ಪಕ್ಕದ ಕೋಣೆಯಿಂದ ಯಾರೋ ಕಿಸಕ್ಕೆಂದರು. ಮಿಸ್ ನಗಲಿಲ್ಲ. ಲೋಟ ಕೆಳಗಿಟ್ಟು, "ಗೋಡೆಗೆ ಯಾವ ಬಣ್ಣ ಬಳೀಬೇಕಿತ್ತು?" ಎಂದು ಕೇಳಿದರು.

"ಕೆಂಪು ಮಣ್ಣಿನ ಬಣ್ಣ. ನಮ್ಮೂರ ಗೋಡೆ ಹಂಗೇ ಇರೋದು."

ಮರುದಿನ ಬೆಳಿಗ್ಗೆ ಧರ್ಮೇಂದ್ರ ಹಲ್ಲುಜ್ಜುತ್ತ ಹೊರಬಂದರೆ, ಮಿಸ್ ಸ್ಟೂಲಿನ ಮೇಲೆ ನಿಂತು ತಮ್ಮ ಚೌಕ, ಗೆರೆ, ಅಂಕಿಗಳ ಮೇಲೆಲ್ಲ ಕೆಮ್ಮಣ್ಣಿನ ಬಣ್ಣ ಎಳೆಯುತ್ತಿದ್ದಾರೆ.

"ಅಯ್ಯೋ ಮಿಸ್! ಅಚ್ಚು ವತ್ತಿದಂಗಿತ್ತಲ್ಲ, ಯಾಕ್ ಬಳ್ದ್ಬುಟ್ರಿ?"

"ತಪ್ಪು ಬರ್ದಿದ್ದೆ ಕಣಪ್ಪ," ಎಂದರಂತೆ.

ಮುಂದಿನ ಭಾನುವಾರ ಆ ಗೋಡೆಯೆದುರು ಸಂತೆಯಷ್ಟು ಗಲಾಟೆ. ಅಕ್ಕಿಹಿಟ್ಟು ಮಳೆಗೆ ನಿಲ್ಲದೆಂದು ಬಿಳಿ ಬಣ್ಣ ಕಲಸಿಕೊಂಡಿದ್ದರು, ಬೆರಳುಗಳೇ ಕುಂಚ. ಒಬ್ಬಳ ತೆನೆ ಇನ್ನೊಬ್ಬಳ ತೆನೆಗೆ ಢಿಕ್ಕಿ ಹೊಡೆಯಿತು, ಒಂದು ಕಮಲ ಧರ್ಮೇಂದ್ರರ ಗೇಟಿನ ಮೇಲೂ ಅರಳಿತು. ಮಿಸ್ ಸ್ವೆಟರಿನ ಜೇಬುಗಳೊಳಗೆ ಎರಡೂ ಕೈ ತುರುಕಿ, ಮುಷ್ಟಿ ಬಿಗಿದು ನಿಂತಿದ್ದರು. ಮಿನತಿ ಬರೆದ ಆಳೆತ್ತರದ ತೆನೆಯೊಂದು ಬಲಕ್ಕೆ ಢಾಳಾಗಿ ವಾಲಿಕೊಂಡಾಗ ಮಾತ್ರ ತಡೆಯಲಾಗಲಿಲ್ಲ.

"ಅದ್ಯಾಕಮ್ಮ ಓರೆ?"

"ಕಾಳು ತುಂಬೈತಲ್ಲಕ್ಕ, ಬಗ್ಗುತ್ತೆ," ಎಂದಳು ಮಿನತಿ, ತಿರುಗಿಯೂ ನೋಡದೆ.

ಹೊಳೆನರಸೀಪುರದ ಗದ್ದೆಯವರ ಮಗಳು ಪ್ರೇಮಕುಮಾರಿ. ಬಾಗಿದ ಆ ತೆನೆಯನ್ನು ಬುಡದಿಂದ ತುದಿಯವರೆಗೆ ಇನ್ನೊಮ್ಮೆ ನೋಡಿದರು.

ಗೋಡೆ ಸಂಕ್ರಾಂತಿಗೆ ನಾಲ್ಕು ದಿನ ಮೊದಲೇ ಮುಗಿಯಿತು. ಆಟೋದವರು ಈಗ ಅದನ್ನು "ಒಡಿಯಾದೋರ ಗ್ವಾಡೆ" ಎನ್ನುತ್ತಾರೆ. ಮಿಸ್ ದಿನವೂ ಅದರ ಮುಂದೆಯೇ ನಡೆದುಹೋಗುತ್ತಾರೆ. ಪೂರ್ವ ತುದಿಯ ಕಮಲಕ್ಕೆ ಒಂದೆಸಳು ಹೆಚ್ಚಿರುವುದನ್ನು ದಿನವೂ ಎಣಿಸಿಕೊಳ್ಳುತ್ತಾರೆಂದು ನನಗೆ ಗೊತ್ತು.

ತಿದ್ದುವವರ ಕುಲವನ್ನು ಕಂಡರೆ ನಮಗೆ ಸ್ವಲ್ಪ ಭಯ, ಸ್ವಲ್ಪ ನಗೆ. ಆದರೆ ಒಂದು ವಸ್ತುವಿನ ಓರೆ ಕಾಣಬೇಕಾದರೆ ಅದನ್ನು ಎಷ್ಟು ಹೊತ್ತು, ಎಷ್ಟು ಅಕ್ಕರೆಯಿಂದ ನೋಡಿರಬೇಕು! ಉಳಿದವರು ನಮ್ಮನ್ನು ಅಷ್ಟು ನೋಡುವುದೇ ಇಲ್ಲ. ಇಂಥವರು ಯಾವಾಗಲೋ ಒಮ್ಮೆ ನಮ್ಮೆದುರು ಏನೂ ಹೇಳದೆ ನಿಂತುಬಿಟ್ಟರೆ, ಮೆಚ್ಚಿದರೆಂದು ತಿಳಿದು ನಾವು ಹಗುರಾಗಿ ಮುಂದೆ ಸಾಗುತ್ತೇವೆ. ಆ ಗಳಿಗೆಯಲ್ಲಿ ಜೇಬಿನೊಳಗಿನ ಕೈಯನ್ನು ತಡೆದಿಡಲು ಅವರು ಎಷ್ಟು ದುಡಿಯುತ್ತಿದ್ದಾರೆಂಬುದು ನಮಗೆ ತಿಳಿಯುವುದೇ ಇಲ್ಲ.