ಆಷಾಢ ಅಮಾವಾಸ್ಯೆಯ ಮೋಟಾರು

ಧಾರವಾಡದ ಮಾಸಪತ್ರಿಕೆಯ ಸಂಪಾದಕರಿಂದ ಕಾರ್ಡು ಬಂದು ಎಂಟು ದಿನವಾಗಿತ್ತು. ದೀಪಾವಳಿ ವಿಶೇಷಾಂಕಕ್ಕೆ ‘ನನ್ನ ಬರವಣಿಗೆಯ ಒಂದು ವರ್ಷ’ ಎಂದು ಎರಡು ಪುಟ ಬರೆದು ಕಳಿಸಬೇಕಂತೆ. ಶಿರಸಿಯ ಮಾಮಲೇದಾರ ಕಚೇರಿಯ ಕಾರಕೂನ ರಘುಪತಿ ಭಟ್ಟನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿರಲಿಲ್ಲ. ಹಗಲೆಲ್ಲ ಕಂಡವರ ಹೊಲಗದ್ದೆಗಳ ಕಾಗದ ನಕಲು ಮಾಡುವ ಮನುಷ್ಯ ಅವನು. ಮನೆಗೆ ಬಂದು ಕೈಕಾಲು ತೊಳೆದನೆಂದರೆ ಆಗದ್ದು, ಆಗಲಾರದ್ದು, ಆದರೆ ಹೇಗಿದ್ದೀತು ಎನ್ನುವಂಥದ್ದು, ಇಷ್ಟನ್ನೇ ಬರೆಯುತ್ತಿದ್ದ.

ನಾಲ್ಕು ಕತೆಗಳ ವಿಷಯ ಸಲೀಸಾಗಿ ಬರೆದು ಮುಗಿಸಿದ. ಚಂದ್ರನ ಮೇಲೆ ಗದ್ದೆ ಅಳೆಯಲು ಹೋದ ಸರ್ವೇದಾರನದು ಒಂದು. ನಾಳಿನ ಮಾತು ಇವತ್ತೇ ಕೇಳಿಸುವ ಬಾವಿಯದು ಇನ್ನೊಂದು. ನೆರಳಿಗೆ ಕಂದಾಯ ಹಾಕಿದ ರಾಜನದು, ಮಾತಾಡುವ ತಾಮ್ರದ ಹಂಡೆಯದು. ಐದನೆಯದಕ್ಕೆ ಬಂದಾಗ ಮಾತ್ರ ಟಾಕು ನಿಂತುಬಿಟ್ಟಿತು. ಎರಡು ಸಲ ಶಾಯಿಯಲ್ಲಿ ಅದ್ದಿದ. ಶಾಯಿಯ ತಪ್ಪಲ್ಲ ಅದು ಎಂದು ಅವನಿಗೂ ಗೊತ್ತಿತ್ತು.

ಐದನೆಯ ಕತೆ ಹೋದ ದೀಪಾವಳಿಯ ಅಂಕದಲ್ಲಿ ಬಂದದ್ದು. ಬರುವ ಈಶ್ವರ ಸಂವತ್ಸರದ ಆಷಾಢ ಅಮಾವಾಸ್ಯೆಯಂದು ಶಿರಸಿಯಿಂದ ಸಿದ್ದಾಪುರಕ್ಕೆ ಹೊರಟ ಸರ್ವಿಸ್ ಮೋಟಾರು ಕಾನಸೂರಿನ ಆಚೆಯ ತಿರುವಿನಲ್ಲಿ ಕಾಣದಾಗುತ್ತದೆ. ತಿರುವು ದಾಟಿ ಹೊರಬಂದಾಗ ಅರವತ್ತು ವರ್ಷ ಕಳೆದಿರುತ್ತದೆ. ಇಳಿದವರು ಯಾವ ಸಂವತ್ಸರವೆಂದು ಕೇಳುತ್ತಾರೆ. ಅರವತ್ತು ಹೆಸರು ಒಂದು ಸುತ್ತು ಮುಗಿದಿರುವುದರಿಂದ ಮತ್ತೆ ಈಶ್ವರವೆಂದೇ ಉತ್ತರ ಬರುತ್ತದೆ. ಸರಿಯಾಗಿಯೇ ಇದೆಯಲ್ಲ ಎಂದು ಮನೆಗೆ ಹೋದವರಿಗೆ ಮೊಮ್ಮಕ್ಕಳು ಬಾಗಿಲು ತೆಗೆದು, ಯಾರು ನೀವು ಎನ್ನುತ್ತಾರೆ.

ಕತೆ ಚೆನ್ನಾಗಿಯೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೋಟಾರನ್ನು ಕಲ್ಪಿಸುವಷ್ಟು ತ್ರಾಸು ಅವನು ತೆಗೆದುಕೊಳ್ಳಲಿಲ್ಲ. ಅದೇ ಹಾದಿಯಲ್ಲಿ ಸ್ವಂತ ಗಾಡಿ ಹೊಡೆಯುವ ಬದ್ರುದ್ದೀನನ ಮೋಟಾರನ್ನೇ ಎತ್ತಿ ಕತೆಯೊಳಗೆ ಇಟ್ಟುಬಿಟ್ಟ. ನೀಲಿ ಬಣ್ಣ, ಎಡಗಡೆಯ ಒಡೆದ ಗಾಜು, ಎಮ್ಮೆಕರು ಕೂಗಿದ ಹಾಗಿನ ಹಾರನ್ನು, ಎಲ್ಲ ಅದರದೇ. ‘ಇದು ಕೇವಲ ಕಲ್ಪನೆ ಎಂದು ಕೊನೆಗೆ ಒಂದು ಸಾಲು ಸೇರಿಸಲೇ?’ ಎಂದು ಸಂಪಾದಕರು ಆಗ ಕೇಳಿದ್ದರು. ಓದುವವರ ಮೈ ಜುಮ್ಮೆನ್ನಬೇಕಾದರೆ ಆ ಸಾಲು ಬೇಡ ಎಂದು ರಘುಪತಿ ಮರುಟಪಾಲಿಗೇ ಬರೆದು ಹಾಕಿದ್ದ.

ಬದ್ರುದ್ದೀನನಿಗೆ ಮೊದಮೊದಲು ಹೆಮ್ಮೆಯೋ ಹೆಮ್ಮೆ. ತನ್ನ ಗಾಡಿ ಪುಸ್ತಕದಲ್ಲಿ ಬಂದಿದೆಯೆಂದು ಅಂಕವನ್ನು ಸೀಟಿನ ಕೆಳಗೇ ಇಟ್ಟುಕೊಂಡು, ಓದು ಬಲ್ಲವರು ಹತ್ತಿದರೆ ತೆಗೆದು ಓದಿಸುತ್ತಿದ್ದ. ರಘುಪತಿ ಸಿಕ್ಕಿದಲ್ಲೆಲ್ಲ ಕರೆದು ಮುಂದಿನ ಸೀಟು ಕೊಡುತ್ತಿದ್ದ. ರಘುಪತಿಯೂ ಅದು ತನಗೆ ಸಲ್ಲಬೇಕಾದದ್ದೇ ಎನ್ನುವ ಹಾಗೆ ಕೂತುಕೊಳ್ಳುತ್ತಿದ್ದ.

ಕೆಟ್ಟದ್ದು ಯುಗಾದಿಯ ದಿನ. ದೇವಸ್ಥಾನದಲ್ಲಿ ಜೋಯಿಸರು ಹೊಸ ಪಂಚಾಂಗ ಬಿಚ್ಚಿ ಈಶ್ವರ ನಾಮ ಸಂವತ್ಸರ ಎಂದು ಓದಿದರೋ ಇಲ್ಲವೋ, ಕೂತವರು ಮುಖ ಮುಖ ನೋಡಿಕೊಂಡರು. ಓದಿದವರಿಗೆ ಅದು ಕತೆ. ಓದಿದವರ ಬಾಯಿಂದ ಕೇಳಿದವರಿಗೆ, ಕೇಳಿದವರಿಂದ ಇನ್ನೊಮ್ಮೆ ಕೇಳಿದವರಿಗೆ, ಅದು ಅಚ್ಚಾದ ಸುದ್ದಿ. ಅಚ್ಚಾದ ಮೇಲೆ ಸುಳ್ಳಿರಲು ಹೇಗೆ ಸಾಧ್ಯ? ಪಂಚಾಂಗವೂ ಅಚ್ಚಾದದ್ದೇ ತಾನೆ. ಜ್ಯೇಷ್ಠ ಬರುವಷ್ಟರಲ್ಲಿ ನೀಲಿ ಮೋಟಾರು ಅರ್ಧಕ್ಕರ್ಧ ಖಾಲಿ ಓಡತೊಡಗಿತು.

ಈ ಹುಚ್ಚು ಬಿಡಿಸಬೇಕೆಂದು ಹೊರಟವರು ಸಿದ್ದಾಪುರದ ವಾಚನಾಲಯದ ತರುಣರು. ಅದೇ ಅಮಾವಾಸ್ಯೆಯಂದು ಸಭೆ ಇಟ್ಟರು. ‘ಕತೆ ಬರೆದವರೇ ಅದೇ ಮೋಟಾರಿನಲ್ಲಿ ಬಂದಿಳಿದರೆ ಜನರ ಭಯ ತಾನಾಗಿ ಹೋಗುತ್ತದೆ’ ಎಂದು ರಘುಪತಿಗೆ ಕಾಗದ ಬರೆದರು. ಅವನು ಆಗಲೆಂದ. ಹೋದೆಡೆಯೆಲ್ಲ ಹೇಳಿಕೊಂಡ. ಬದ್ರುದ್ದೀನನಿಗೂ ಹೇಳಿದ.

ಹಿಂದಿನ ದಿನ ಸಂಜೆ ಅವನಿಗೆ ಏನಾಯಿತೋ. ತಾನೇ ಬರೆದದ್ದು, ತಾನೇ ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಂಡು ಆರಾಮಾಗಿ ಹೊಸೆದದ್ದು ಎಂದು ಎಷ್ಟು ಹೇಳಿಕೊಂಡರೂ ಆ ತಿರುವು ಕಣ್ಣಮುಂದಿನಿಂದ ಹೋಗಲಿಲ್ಲ. ಮೋಟಾರಿನ ಎಣ್ಣೆಯ ವಾಸನೆಗೆ ತಲೆನೋವು ಬರುತ್ತದೆ ಎಂದು ಹೆಂಡತಿ ವೇದಾಳಿಗೆ ಹೇಳಿ, ಬಾಡಿಗೆಯ ಎತ್ತಿನ ಗಾಡಿ ಗೊತ್ತುಮಾಡಿ, ಬೆಳಗಾಗುವ ಮೊದಲೇ ಚಾಪೆಯ ಕಮಾನಿನೊಳಗೆ ಮುದುಡಿ ಕೂತು ಹೊರಟ.

ಕಾನಸೂರು ಇನ್ನೂ ಮೂರು ಮೈಲಿ ಇರುವಾಗ ಹಿಂದಿನಿಂದ ಎಮ್ಮೆಕರುವಿನ ಕೂಗು ಕೇಳಿಸಿತು. ನೀಲಿ ಮೋಟಾರು ಪಕ್ಕಕ್ಕೆ ಬಂದು ನಿಂತಿತು. ಒಳಗಿದ್ದವರು ಇಬ್ಬರೇ. ಕಾನಸೂರಿನ ರೈತರ ಮನೆಯ ಹೊನ್ನಿ, ಶಿರಸಿಯ ದವಾಖಾನೆಯಿಂದ ಅವಳು ಕರೆದುಕೊಂಡು ಹೊರಟಿದ್ದ ಅವಳ ಕಾಯಿಲೆಯ ಗಂಡ.

“ಬರ್ರಿ ಭಟ್ರೆ,” ಎಂದ ಬದ್ರುದ್ದೀನ. “ನಿಮ್ಮ ಹಾದಿ ನೋಡಿ ತಡಾ ಮಾಡಿ ಬಿಟ್ಟೆ. ಮುಂದಿನ ಸೀಟು ಖಾಲಿ ಐತಿ.”

“ತಲೆನೋವು ಮಾರಾಯ. ವಾಸನೆ ಆಗ್ತಿಲ್ಲೆ. ನೀ ಹೋಗು, ಆನು ಹಿಂದಿಂದ ಬರ್ತೆ,” ಎಂದ ರಘುಪತಿ, ಕಮಾನಿನೊಳಗಿಂದ ಮುಖ ಪೂರ್ತಿ ಹೊರಹಾಕದೆ.

ಬದ್ರುದ್ದೀನ ಒಂದು ಗಳಿಗೆ ಅವನನ್ನೇ ನೋಡಿದ. ಆಮೇಲೆ ಗಾಡಿ ಮುಂದೆ ಬಿಟ್ಟ.

ಸಭೆಗೆ ರಘುಪತಿ ಮುಟ್ಟಿದಾಗ ಮೋಟಾರು ಬಂದು ನಿಂತು ಬಹಳ ಹೊತ್ತಾಗಿತ್ತು. ಜನ ಕಿಸಕ್ಕೆಂದರು. ಆಗಲಾದರೂ ನಿಜ ಹೇಳಿ ಕೈಮುಗಿಯಬಹುದಿತ್ತು. ಅವನು ಮಾಡಿದ್ದೇನು? “ಕತೆ ಬರೆದವನಿಗೇ ಕತೆಯ ಮೇಲೆ ನಂಬಿಕೆ ಇಲ್ಲದಿದ್ದರೆ ಹೇಗೆ?” ಎಂದು ಚಟಾಕಿ ಹಾರಿಸಿದ. ಸಭೆ ಚಪ್ಪಾಳೆ ತಟ್ಟಿತು. ಬಾಗಿಲ ಹತ್ತಿರ ನಿಂತಿದ್ದ ಬದ್ರುದ್ದೀನ ಚಪ್ಪಾಳೆ ತಟ್ಟಲಿಲ್ಲ. ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಹೊರಗೆ ಹೋದ. ಅದನ್ನು ನೆನೆದಾಗಲೆಲ್ಲ ರಘುಪತಿಗೆ ಇಂದಿಗೂ ಕಿವಿ ಬಿಸಿಯಾಗುತ್ತಿತ್ತು.

ಅಮಾವಾಸ್ಯೆ ಕಳೆಯಿತು, ಮೋಟಾರು ಎಲ್ಲಿಯೂ ಕಾಣದಾಗಲಿಲ್ಲ. ಅಲ್ಲಿಗೆ ಭಯ ಹೋಗಬೇಕಿತ್ತು. ಹೋಗಲಿಲ್ಲ. ಬರೆದವರೇ ಹತ್ತಲಿಲ್ಲವಂತೆ ಎಂಬ ಮಾತು ಸಿದ್ದಾಪುರದಿಂದ ಬಿಳಗಿಯವರೆಗೂ ಹೋಯಿತು. ತಿಥಿಯಲ್ಲಿ ಹೆಚ್ಚುಕಮ್ಮಿ ಇದ್ದೀತು, ಸಂವತ್ಸರ ಇನ್ನೂ ಮುಗಿದಿಲ್ಲವಲ್ಲ ಎಂದು ಜನ ಬೇರೆ ಮೋಟಾರಿಗೆ ಕಾಯತೊಡಗಿದರು. ಈಗ ಆಶ್ವಯುಜ. ಬರುವ ಸೋಮವಾರ, ಕೊಂಡುಕೊಂಡ ಹುಬ್ಬಳ್ಳಿಯವರು ಬಂದು ನೀಲಿ ಮೋಟಾರನ್ನು ಒಯ್ಯುವವರಿದ್ದರು. ಬದ್ರುದ್ದೀನ ಯಲ್ಲಾಪುರಕ್ಕೆ ಹೋಗಿ ಯಾರದೋ ಮರದ ಲಾರಿ ಹೊಡೆಯುವುದೆಂದು ಗೊತ್ತಾಗಿತ್ತು.

ವೇದಾ ಬಂದು ಕಾಗದ ನೋಡಿದಳು. ಅವಳಿಗೆ ಓದು ಬರುತ್ತಿತ್ತು. ಗಂಡನ ಕತೆಗಳನ್ನು ಮೊದಲು ಓದುವವಳು ಅವಳೇ.

“ನಾಕು ಬರದಾತು. ಐದನೇದು ಎಂತಕ್ಕೆ ಬರದ್ದಿಲ್ಲೆ?”

“ಅದನ್ನ ಬಿಟ್ರಾತು ಅಂತ ಮಾಡಿದ್ದೆ.”

ಅವಳು ಕಾಗದ ಕೆಳಗಿಟ್ಟಳು. “ಸೋಮವಾರ ಆ ಗಾಡಿ ಹೋಗ್ತಡ. ಅಷ್ಟ್ರೊಳಗೆ ಒಂದ್ಸಲ ಹತ್ತಿ ಬನ್ನಿ. ಒಬ್ರೇ ಹೋಗಡಿ, ಆನೂ ಬರ್ತೆ.”

ತಲೆನೋವಿನ ಮಾತು ಅವಳು ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮರುದಿನ ಸಂತೆ. ನಾಲ್ಕು ಜನರ ಕಣ್ಣೆದುರಿಗೆ ಗಂಡ ಹೆಂಡತಿ ನೀಲಿ ಮೋಟಾರು ಹತ್ತಿದರು. ವೇದಾ ಹಿಂದೆ ಕೂತಳು, ರಘುಪತಿ ಮುಂದೆ. ಅವರನ್ನು ನೋಡಿ ಇನ್ನೂ ಕೆಲವರು ಹತ್ತಿಯಾರೆಂದು ಅವನು ಆಸೆಪಟ್ಟಿದ್ದ. ಒಬ್ಬರೂ ಹತ್ತಲಿಲ್ಲ. ಬದ್ರುದ್ದೀನ ಹೊತ್ತಿಗೆ ಸರಿಯಾಗಿ ಗಾಡಿ ಬಿಟ್ಟ.

ಕಾನಸೂರು ದಾಟಿತು. ತಿರುವು ಹತ್ತಿರ ಬಂದಾಗ ಬದ್ರುದ್ದೀನ ವೇಗ ಇಳಿಸಿದ.

“ಒಂದು ಕೇಳ್ತೀನಿ ಭಟ್ರೆ, ಸಿಟ್ಟಾಗಬ್ಯಾಡ್ರಿ. ಅವತ್ತು ಖರೇನ ತಲಿನೋವು ಇತ್ತೇನ್ರಿ?”

ರಘುಪತಿ ಹಿಂದಕ್ಕೆ ತಿರುಗಿ ವೇದಾಳನ್ನು ನೋಡಿದ. ಅವಳು ಹೊರಗಡೆ ನೋಡುತ್ತಿದ್ದಳು.

“ಇಲ್ಲೆ. ಹೆದರಿಕೆ ಆಗಿತ್ತು.”

“ನನಗೂ ಆಗಿತ್ರಿ.” ಬದ್ರುದ್ದೀನ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಹೆಂಡ್ತಿ ಜೊಹರಾ ಬಾಗಲಕ್ಕ ಅಡ್ಡ ನಿಂತಿದ್ಲು, ಹೋಗಬ್ಯಾಡಂತ. ಬರದವ್ರೇ ಬಾಜೂಕ ಕುಂಡ್ರತಾರ, ಏನೂ ಆಗೂದಿಲ್ಲ ಅಂತ ಆಕಿಗೆ ಹೇಳಿ ಬಂದಿದ್ದೆ. ಹಾದ್ಯಾಗ ನಿಮ್ಮ ಎತ್ತಿನ ಗಾಡಿ ಕಂಡ ಮ್ಯಾಲೆ ಮುಂದ ಹೋಗೂ ಧೈರ್ಯ ಉಳೀಲಿಲ್ಲ. ತಿರುಗಿ ಹೋಗಬೇಕಂದ್ರ, ಹಿಂದ ಆ ಹೊನ್ನಿ ಗಂಡನ ತಲಿ ತೊಡಿ ಮ್ಯಾಲೆ ಇಟ್ಕೊಂಡು ಕುಂತಿದ್ಲು. ಅವರನ್ನ ಮನಿ ಮುಟ್ಟಿಸಬೇಕಿತ್ತಲ್ಲ. ಅವರನ್ನ ಇಳಿಸಿದ ಮ್ಯಾಲೆ ಈ ತಿರುವಿಗೆ ನಾನೊಬ್ಬನ ಉಳಿದೆ. ಅಲ್ಲಾನ ಹೆಸರು ತಗೊಂಡು ಹೊಡದೆ. ಸಿದ್ದಾಪುರದಾಗ ನಿಮಗ ಕಾಯತಿದ್ರಲ್ರಿ, ಗಾಡಿಯಾದ್ರೂ ಬರಲಿ ಅಂತ.”

ತಿರುವು ಬಂತು, ಹೋಯಿತು. ಆಚೆ ಅದೇ ರಸ್ತೆ, ಅದೇ ಹಗಲು. ರಘುಪತಿಗೆ ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂತು. ಒಂದು ಕತೆಯಿಂದ ಮನುಷ್ಯನ ಗಾಡಿ ಕಳೆದು, ಒಂದು ಮಾತಿನಿಂದ ಅದನ್ನು ತುಂಬಿಕೊಡಲು ಹೊರಟೆನೇ ಎಂದು ನಾಚಿಕೆಯಾಗಿ ತಲೆ ತಗ್ಗಿಸಿ ಕೂತ.

ಮನೆಗೆ ಬಂದವನು ಮೊದಲು ಬರೆದದ್ದನ್ನು ಹರಿದು ಹಾಕಿದ. ಚಂದ್ರ, ಬಾವಿ, ಹಂಡೆ ಯಾವುದೂ ಬೇಡವಾಯಿತು. ಐದನೆಯ ಕತೆಯದನ್ನೇ ಬರೆದ. ಕಲ್ಪನೆ ಎಂಬ ಸಾಲು ತಾನೇ ಬೇಡವೆಂದದ್ದು, ಎತ್ತಿನ ಗಾಡಿ, ತಲೆನೋವು, ಚಟಾಕಿ, ಹೊನ್ನಿಯ ಗಂಡ, ಒಂದನ್ನೂ ಬಿಡಲಿಲ್ಲ. ಬದ್ರುದ್ದೀನನ ಮೋಟಾರು ಆ ತಿರುವನ್ನು ದಿನವೂ ದಾಟುತ್ತಿದೆ, ಅದಕ್ಕೆ ಯಾವ ದೋಷವೂ ಇಲ್ಲ, ದೋಷ ತನ್ನದು ಎಂದು ಬರೆದು ಸಹಿ ಹಾಕಿ ಟಪಾಲಿಗೆ ಹಾಕಿದ.

ಸೋಮವಾರ ಹುಬ್ಬಳ್ಳಿಯವರು ಬಂದು ಮೋಟಾರು ಒಯ್ದರು. ಬುಧವಾರ ಸಂಪಾದಕರ ಕಾರ್ಡು ಬಂತು.

‘ವರ್ಷದ ವಿವರ ಕೇಳಿದರೆ ತಾವು ಹೊಸ ಕತೆಯನ್ನೇ ಕಳಿಸಿದ್ದೀರಿ. ಇದುವರೆಗಿನ ಎಲ್ಲಕ್ಕಿಂತ ಚೆನ್ನಾಗಿದೆ. ಆ ಚಾಲಕನ ಪಾತ್ರವನ್ನಂತೂ ಎಷ್ಟು ಸೊಗಸಾಗಿ ಕಲ್ಪಿಸಿದ್ದೀರಿ. ಕೊನೆಗೆ, ಇದು ಕೇವಲ ಕಲ್ಪನೆ ಎಂದು ಒಂದು ಸಾಲು ಸೇರಿಸಲೇ?’

ರಘುಪತಿ ಕಾರ್ಡನ್ನು ವೇದಾಳ ಕೈಗೆ ಕೊಟ್ಟ. ಅವಳು ಓದಿ, ಟಾಕು ಮತ್ತು ಶಾಯಿಯ ಕುಡಿಕೆ ತಂದು ಅವನ ಮುಂದೆ ಇಟ್ಟಳು. ಬೇಡ ಎಂದು ಅವನು ಬರೆದ. ಅದರ ಕೆಳಗೆ, ಇದು ನಡೆದದ್ದು ಎಂದು ಬರೆದ. ಒಮ್ಮೆ ಬರೆದರೆ ನಂಬಲಾರರೆಂದು ಅದನ್ನೇ ಇನ್ನೊಮ್ಮೆ ಬರೆದ.