ಬೀನ್ಸ್ ಸಾಲಿನಲ್ಲಿ ಚೆಂಡುಹೂವು

ಅವನ ಹತ್ತಿರ ಒಂದೇ ಒಂದು ರಸೀದಿಯೂ ಇರಲಿಲ್ಲ.

ಸೋಂಕಿನ ಕಾಲದಲ್ಲಿ ಮಾರುಕಟ್ಟೆಗೆ ಬೀಗ ಬಿದ್ದು, ಅವನ ಒಂದು ಎಕರೆ ಚೆಂಡುಹೂವು ಗಿಡದಲ್ಲೇ ಒಣಗಿತು. ಬಾಡಿದ ಹೂವನ್ನು ನಾಲ್ಕು ಜನರಿಗೆ ತೋರಿಸುವುದೆಂದರೆ ಹೂವು ಬೆಳೆಯುವವರಿಗೆ ಮರ್ಯಾದೆ ಹೋದಂತೆ. ಅದರಲ್ಲೂ ಇವನಿಗೆ ಊರು ಇಟ್ಟ ಹೆಸರೇ ಚೊಕ್ಕಣ್ಣ. ಯಾರೂ ಏಳುವ ಮುಂಚೆ ಟ್ರ್ಯಾಕ್ಟರ್ ಹೊಡೆಸಿ ಎಲ್ಲವನ್ನೂ ಮಣ್ಣಿಗೆ ಸೇರಿಸಿದ. ಬೀನ್ಸ್ ಬಿತ್ತಿದ. ಈಗ ಮನೆ ಖರ್ಚಿಗೆ ದಾರಿಯಿಲ್ಲದೆ ಪಂಪ್‌ಸೆಟ್ ಮಾರಲು ಹೊರಟಿದ್ದ. ಕೊಳ್ಳುವವನು ಭಾನುವಾರ ಬರುವವನಿದ್ದ. ಪಂಪು ಹೋದರೆ ಬೀನ್ಸೂ ಹೋದಂತೆಯೇ.

ಹೊಲದ ಪಕ್ಕ ಅಂಚೆಯಕ್ಕ ಸೈಕಲ್ ನಿಲ್ಲಿಸಿದಳು.

"ಏನಪ್ಪಾ ಚೊಕ್ಕಣ್ಣ, ಹಾಳಾದ ಹೂವಿಗೆ ಸರ್ಕಾರ ಕೊಡೋ ಪರಿಹಾರಕ್ಕೆ ಅರ್ಜಿ ಹಾಕಿದ್ಯಾ? ಶುಕ್ರವಾರ ಕಡೇ ದಿನ."

"ಹೋಗಕ್ಕ, ನಮ್ಮಂಥವರಿಗೆ ಯಾರು ಕೊಡ್ತಾರೆ? ಮೊದಲು ಅವರ ಕೈ ಬಿಸಿ ಮಾಡ್ಬೇಕು."

"ಅರ್ಜಿ ಪುಕ್ಕಟೆ. ಕಾಸು ಕೇಳಿದವನ ಹೆಸರು ಬರ್ಕೊಂಡು ಬಾ, ನಾನು ನೋಡ್ಕೋತೀನಿ."

"ರಸೀದಿ ಇಲ್ವಲ್ಲ. ಮಾರಿದ್ರೆ ತಾನೆ ರಸೀದಿ?"

"ಮಾರಕ್ಕಾಗ್ಲಿಲ್ಲ ಅಂತಾನೇ ಪರಿಹಾರ ಮಾರಾಯ! ಹೂವು ಬೆಳೆದಿದ್ದು ನಿಜ ಅಂತ ಪಕ್ಕದ ಹೊಲದವನ ಹತ್ರ ರುಜು ಹಾಕಿಸ್ಕೊ. ತೋಟಗಾರಿಕೆ ಕಚೇರಿಯವರು ಬಂದು ಹೊಲ ನೋಡ್ತಾರೆ."

"ಏನ್ ನೋಡ್ತಾರೆ, ಬೀನ್ಸಾ?" ಎನ್ನುತ್ತ ಅವನು ಬಗ್ಗಿ ಒಂದು ಸಸಿ ಕಿತ್ತು ಬದುವಿಗೆ ಎಸೆದ.

"ಅದೇನು ಕಿತ್ತಿದ್ದು?"

"ಹಾಳಾದ ಚೆಂಡುಹೂವು. ಹೂತುಹೋದ ಬೀಜ ದಿನಾ ಹುಟ್ಕೊಳ್ತಿದೆ. ಕಿತ್ತೂ ಕಿತ್ತೂ ಸೊಂಟ ಬಿದ್ದೋಯ್ತು."

ಆಚೆ ಸಾಲಿನಲ್ಲಿದ್ದ ಹೆಂಡತಿ ನೆಟ್ಟಗೆ ನಿಂತಳು. "ರೀ, ಕೈ ತೆಗೀರಿ! ಅದೇ ಅಲ್ವಾ ಸಾಕ್ಷಿ?"

ಮೂರು ವಾರದಿಂದ ಅವನು ಸಾಕ್ಷಿಯನ್ನೇ ಕಿತ್ತು ಎಸೆಯುತ್ತಿದ್ದ. ಪುಣ್ಯಕ್ಕೆ ಕೈ ಹಾಕದ ನಾಲ್ಕು ಸಾಲು ಇನ್ನೂ ಉಳಿದಿದ್ದವು.

"ಅವರು ಬಂದು ನೋಡೋ ತನಕ ಇವನ ಕೈ ಕಟ್ಟಿಹಾಕಮ್ಮ," ಎಂದು ನಗುತ್ತ ಅಂಚೆಯಕ್ಕ ಪೆಡಲ್ ತುಳಿದಳು.

ರುಜು ಕೇಳಲು ಅವನು ತಲೆತಗ್ಗಿಸಿಕೊಂಡೇ ಪಕ್ಕದ ಹೊಲಕ್ಕೆ ಹೋದ. ಪಕ್ಕದವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ನಾನೂ ಉತ್ತು ಹಾಕಿದೀನಿ ಕಣೋ, ಅರ್ಧ ಎಕರೆ ಹೂವು. ನೀನು ನೋಡ್ಬಾರ್ದು ಅಂತ ನಿನಗಿಂತ ಮುಂಚೆ ಎದ್ದಿದ್ದೆ!"

ಅವನ ಅರ್ಜಿಗೆ ಇವನು, ಇವನ ಅರ್ಜಿಗೆ ಅವನು ರುಜು ಹಾಕಿದರು. ಗುರುವಾರವೇ ಎರಡೂ ಅರ್ಜಿ ಕಚೇರಿ ಸೇರಿದವು. ಭಾನುವಾರ ಪಂಪು ಕೊಳ್ಳಲು ಬಂದವನನ್ನು ಹೆಂಡತಿಯೇ ಬಾಗಿಲಿನಿಂದ ವಾಪಸು ಕಳಿಸಿದಳು. ಕಚೇರಿಯವರು ಬಂದರು, ಬೀನ್ಸ್ ಸಾಲಿನಲ್ಲಿ ಮೊಗ್ಗು ಕಟ್ಟುತ್ತಿದ್ದ ಸಸಿಗಳ ಫೋಟೋ ತೆಗೆದರು. ಮುಂದಿನ ತಿಂಗಳು ಹಣ ಖಾತೆಗೆ ಬಂತು. ಹೋದದ್ದೆಲ್ಲ ಬರಲಿಲ್ಲ, ಪಂಪು ಉಳಿಯುವಷ್ಟು ಬಂತು. ಅಂದು ಚೊಕ್ಕಣ್ಣ ತಾನೇ ಸ್ವಿಚ್ ಒತ್ತಿ, ನೀರು ಕಾಲುವೆ ತುಂಬುವವರೆಗೂ ಅಲ್ಲೇ ಕೂತಿದ್ದ.

ಬೆಳೆ ಹಾಳಾದರೆ ಮುಚ್ಚಿಡಬೇಡಿ. ಉಳುವ ಮುಂಚೆ ಫೋಟೋ ತೆಗೆಯಿರಿ, ಪಕ್ಕದವರನ್ನು ಕರೆದು ತೋರಿಸಿ. ಪರಿಹಾರ ಉಂಟೇ, ಕಡೇ ದಿನ ಯಾವುದು ಎಂದು ನೀವೇ ಕಚೇರಿಗೆ ಹೋಗಿ ಕೇಳಿ.

ಚೊಕ್ಕಣ್ಣ ಕಳೆದುಕೊಂಡದ್ದು ಒಂದು ಎಕರೆ ಹೂವು. ಪಕ್ಕದವನು ಅರ್ಧ ಎಕರೆ. ನಾಚಿಕೊಂಡು ಅರ್ಜಿ ಹಾಕದ ಅದೇ ಊರಿನ ಮೂರು ಮನೆಯವರು ಹೂವನ್ನೂ ಕಳೆದುಕೊಂಡರು, ಪರಿಹಾರವನ್ನೂ.